ಕಾವೇರಿ ಐದನೇ ಹಂತದ ಕೊಳವೆ ಬೀದಿಗೆ ಬಂದಿದೆ. ಇನ್ನು ನಮ್ಮ ಅಪಾರ್ಟ್‌ಮೆಂಟಿಗೆ ಬಾವಿ ಬೇಕೇ?

ಬಾಲ್ಕನಿ ತುಳಸಿ

ಎಲ್ಲರಿಗೂ ನಮಸ್ಕಾರ. ವರ್ತೂರಿನಿಂದ ಸ್ವಲ್ಪ ಆಚೆ, 64 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ನಮ್ಮ ವಾಸ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಆ ವರ್ಷದಿಂದ ನಾವು ನಗರದವರೆಂದು ತೆರಿಗೆ ಕಟ್ಟುತ್ತಿದ್ದೇವೆ. ಆದರೆ ಈ ಹಳ್ಳಿಗಳಿಗೆ ನದಿಯ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ ಹದಿನೇಳು ವರ್ಷ ಈ ಭಾಗದ ಜನ ಬದುಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನಲ್ಲಿ.

ಈ ವರ್ಷ ಸಂಘದ ಕಾರ್ಯದರ್ಶಿ ನಾನು. ನಮ್ಮ ಎರಡು ಕೊಳವೆಬಾವಿಗಳಲ್ಲಿ ಒಂದು 2024ರ ಫೆಬ್ರುವರಿಯಲ್ಲೇ ನಿಂತುಹೋಯಿತು. ಇನ್ನೊಂದು ಬೆಳಗಿನ ಜಾವ ನಲವತ್ತು ನಿಮಿಷ ನೀರು ಕೊಟ್ಟು ಆಮೇಲೆ ಗಾಳಿ ಎಳೆಯುತ್ತದೆ. 6,000 ಲೀಟರಿನ ಲೋಡಿಗೆ 700 ರೂಪಾಯಿ ಕೊಡುತ್ತಿದ್ದವರು ಆ ಮಾರ್ಚ್ ತಿಂಗಳಲ್ಲಿ 1,500 ಕೊಟ್ಟೆವು. ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿದ ಮೇಲೂ ನಮ್ಮ ಬಾಗಿಲಿಗೆ ಆ ದರದಲ್ಲಿ ಒಂದು ಲೋಡೂ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಸಂಪಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಕೋಲು ಇಳಿಸಿ ನೀರು ಎಷ್ಟಿದೆ ಎಂದು ನೋಡುವುದು ನನಗೆ ಅಭ್ಯಾಸವಾಗಿತ್ತು.

ಈಗ ಕಾವೇರಿ ಕೊಳವೆ ನಮ್ಮ ಬೀದಿಗೆ ಬಂದಿದೆ. ಸಂಪರ್ಕಕ್ಕೆ ಪ್ರತಿ ಮನೆಯೂ ದೊಡ್ಡ ಮೊತ್ತ ಕಟ್ಟಬೇಕು. ಇದರ ಜೊತೆಗೆ ಮಳೆನೀರನ್ನು ನೆಲಕ್ಕೆ ಇಳಿಸುವ ನಾಲ್ಕು ಇಂಗುಬಾವಿ, ಸಾಧ್ಯವಾದರೆ ಒಂದು ತೆರೆದ ಬಾವಿ ಮಾಡಿಸೋಣ ಎಂದು ನಾನು ಪ್ರಸ್ತಾಪವಿಟ್ಟೆ. ಸಭೆಯಲ್ಲಿ ಅರ್ಧದಷ್ಟು ಜನ ಎದ್ದು ನಿಂತರು. "ಕಾವೇರಿ ಬಂದ ಮೇಲೆ ಬಾವಿ ಯಾಕೆ? ಅದು ಹಳ್ಳಿಯ ಕಾಲದ್ದು" ಎನ್ನುವುದು ಅವರ ಮಾತು. ಮುಂದಿನ ಸಭೆಗೆ ಇನ್ನು ಮೂರು ವಾರವಿದೆ. ಬಲ್ಲವರು ದಯವಿಟ್ಟು ಹೇಳಿ, ನಾನು ತಪ್ಪು ಹಾದಿಯಲ್ಲಿದ್ದೇನೆಯೇ?


ಹಳೇ ಪಂಪ್‌ಹೌಸ್

ತುಳಸಿ ಅವರೇ, ನೀರು ಸರಬರಾಜಿನ ಕೆಲಸದಲ್ಲೇ ತಲೆ ನರೆಸಿಕೊಂಡವನು ನಾನು. ಮೊದಲು ಲೆಕ್ಕ ಹಾಕೋಣ. ವಾದವನ್ನು ಆಮೇಲೆ ಮಾಡಬಹುದು.

64 ಮನೆ ಎಂದರೆ ಸುಮಾರು 205 ಜನ. ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ದಿನಕ್ಕೆ 27–28 ಸಾವಿರ ಲೀಟರ್ ಬೇಕು, ವರ್ಷಕ್ಕೆ ಒಂದು ಕೋಟಿ. ನಿಮ್ಮ ತಾರಸಿ ಹತ್ತು ಸಾವಿರ ಚದರ ಅಡಿ ಇದೆ ಎಂದುಕೊಳ್ಳೋಣ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಒಂದು ಹನಿಯನ್ನೂ ಬಿಡದೆ ಹಿಡಿದರೂ ವರ್ಷಕ್ಕೆ ಒಂಬತ್ತು ಲಕ್ಷ ಲೀಟರ್ ಸಿಗುತ್ತದೆ. ಅಂದರೆ ನಿಮಗೆ ಬೇಕಾದುದರಲ್ಲಿ ನೂರಕ್ಕೆ ಒಂಬತ್ತು ಪಾಲು. 30x40 ನಿವೇಶನದ ಒಂಟಿ ಮನೆಯವರ ಲೆಕ್ಕ ಬೇರೆ. ಅವರ ನಿವೇಶನದ ಮೇಲೆ ವರ್ಷಕ್ಕೆ ಲಕ್ಷ ಲೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ನಾಲ್ವರ ಸಂಸಾರಕ್ಕೆ ಅರ್ಧ ವರ್ಷ ಸಾಕಾಗುವಷ್ಟು. ಐದು ಮಹಡಿ ಕಟ್ಟಿದ ಮೇಲೆ ಒಂದೇ ತಾರಸಿಯನ್ನು ಐದು ಮಹಡಿಯವರು ಹಂಚಿಕೊಳ್ಳಬೇಕು. ಮಳೆನೀರಿನಿಂದಲೇ ಅಪಾರ್ಟ್‌ಮೆಂಟ್ ನಡೆಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗೆಂದು ಕಾವೇರಿ ಸಾಕು ಎನ್ನುವವರ ಪರವೂ ನಾನಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನದಿ ಕೆಳಗಿದೆ. ಶಿವನಸಮುದ್ರದ ಬಳಿ ಎತ್ತಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ದಾಟಿ, ಸುಮಾರು ನೂರು ಕಿಲೋಮೀಟರ್ ನಡೆದು, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ನಿಮ್ಮ ನಲ್ಲಿಗೆ ಬರುತ್ತದೆ. ಒಂದು ಪಂಪ್‌ಹೌಸಿನಲ್ಲಿ ಒಂದು ತಾಸು ವಿದ್ಯುತ್ ಹೋದರೆ ಮರುದಿನ ಯಾವ ಯಾವ ಬಡಾವಣೆಯಲ್ಲಿ ನಲ್ಲಿ ಬತ್ತುತ್ತದೆ ಎನ್ನುವುದು ನಮಗೆ ಬಾಯಿಪಾಠವಾಗಿತ್ತು.

ಈ ಊರು ನೀರಿಗಾಗಿ ದೂರ ದೂರ ಕೈಚಾಚಿದ ಕಥೆಯನ್ನೂ ನೋಡಿ. 1894ರಲ್ಲಿ ಹೆಸರಘಟ್ಟ. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿಯ ನೀರು. ಅದೂ ಸಾಲದೆ 1974ರಲ್ಲಿ ಕಾವೇರಿ ಮೊದಲ ಹಂತ. ಹೊಸ ನೀರು ಬಂದಾಗಲೆಲ್ಲ ಹಳೆಯ ಮೂಲದ ಮೇಲಿನ ಕಾಳಜಿ ಕರಗಿತು. ಅರ್ಕಾವತಿ ಸೊರಗಿದ್ದನ್ನು ಕಣ್ಣಾರೆ ಕಂಡವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ಕಾವೇರಿ ಸಂಪರ್ಕ ತೆಗೆದುಕೊಳ್ಳಿ. ಬಾವಿಯನ್ನೂ ತೋಡಿಸಿ. ಮೂರನೆಯ ಸಂಗತಿ ಎಲ್ಲಕ್ಕಿಂತ ದೊಡ್ಡದು, ಬಳಸಿದ ನೀರು. ಅದರ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲ.


ಕೆರೆ ಹಿಂದಿನ ಮನೆ

ನಾನು ವರ್ತೂರಿನವನು. ನಮ್ಮ ಮುತ್ತಜ್ಜನ ಕಾಲದಿಂದ ಕೆರೆಯ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಗದ್ದೆ ಇತ್ತು. ತುಳಸಿ ಅಕ್ಕ, ನಿಮ್ಮ ಅಪಾರ್ಟ್‌ಮೆಂಟ್ ಇರುವ ಜಾಗವೂ ಬಹುಶಃ ಯಾರದೋ ಗದ್ದೆಯೇ. ಇದನ್ನು ದೂರಲೆಂದು ಹೇಳುತ್ತಿಲ್ಲ. ನಾವೇ ಮಾರಿದ್ದೇವೆ. ಆ ಹಣದಲ್ಲಿ ತಂಗಿಯ ಮದುವೆಯಾಯಿತು, ನನ್ನ ಓದು ಮುಗಿಯಿತು.

ನಮ್ಮ ತಾತ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವುದು, ಏರಿಯ ಮೇಲೆ ಇಲಿ ಬಿಲ ಕೊರೆದಿದೆಯೇ ಎಂದು ದಿನವೂ ನಡೆದು ನೋಡುವುದು, ಇಷ್ಟು ಅವರ ಕೆಲಸ. ಕೂಲಿಯನ್ನು ಭತ್ತದಲ್ಲಿ ಕೊಡುತ್ತಿದ್ದರು. ಬೇಸಿಗೆಯಲ್ಲಿ ಹೂಳು ಎತ್ತಿ ಗಾಡಿಯಲ್ಲಿ ಗದ್ದೆಗೆ ಹೊಡೆಯುತ್ತಿದ್ದರು, ಅದೇ ಗೊಬ್ಬರ. ಮೇಲಿನ ಬೆಳ್ಳಂದೂರು ಕೆರೆ ಕೋಡಿ ಬಿದ್ದರೆ ನೀರು ನಮ್ಮ ಕೆರೆಗೆ, ನಮ್ಮದು ಕೋಡಿ ಬಿದ್ದರೆ ದಕ್ಷಿಣ ಪಿನಾಕಿನಿಗೆ. ಈ ಸರಪಳಿಯಲ್ಲಿ ಯಾವ ಕೆರೆಯೂ ಒಂಟಿಯಲ್ಲ.

ಮೊದಲು ಭತ್ತ ಹೋಯಿತು, ಆಮೇಲೆ ತರಕಾರಿ. ಕೊನೆಗೆ ಉಳಿದದ್ದು ಹಸುಗಳ ಮೇವಿನ ಹುಲ್ಲು. ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು. 2017ರಲ್ಲಿ, ಮತ್ತೆ 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ತಾತ ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಎಂದು ಅಮ್ಮ ಅಂದರು.

ಬಾವಿ ಹಳ್ಳಿಯ ಕಾಲದ್ದು ಎಂದವರಿಗೆ ನನ್ನದೊಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಮಳೆ ಸುರಿದಾಗ ಯಮಲೂರಿನಲ್ಲಿ, ಹೊರವರ್ತುಲ ರಸ್ತೆಯಲ್ಲಿ ಐಷಾರಾಮಿ ಕಾರುಗಳು ಮುಳುಗಿ ನಿಂತಿದ್ದವು, ಜನರನ್ನು ಕಚೇರಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರುಗಳು. ಅವತ್ತು ನೀರು ತನ್ನ ಹಳೆಯ ದಾರಿ ಹುಡುಕುತ್ತಿತ್ತು. ಆ ದಾರಿಗಳಿಗೆ ಹೆಸರಿದೆ, ರಾಜಕಾಲುವೆ. ಸರ್ವೆ ನಕ್ಷೆಯಲ್ಲಿ ಈಗಲೂ ಇದೆ.


ಅಡ್ಯಾರಿನ ಕನ್ನಡಿಗ

ಇಪ್ಪತ್ತು ವರ್ಷಗಳಿಂದ ಚೆನ್ನೈನಲ್ಲಿದ್ದೇನೆ. ಇಲ್ಲಿ 2003ರ ಹೊತ್ತಿಗೇ ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಆರಂಭದ ವರ್ಷಗಳಲ್ಲಿ ಬಾವಿಗಳ ನೀರು ಮೇಲೆ ಬಂತು, ಉಪ್ಪು ಕಡಿಮೆಯಾಯಿತು. ಆಮೇಲೆ ಜನ ಪೈಪಿನ ಬಾಯಿಗೆ ಕಟ್ಟಿಕೊಂಡ ಎಲೆ, ಮಣ್ಣನ್ನು ತೆಗೆಯುವುದನ್ನು ಬಿಟ್ಟರು. 2019ರ ಬೇಸಿಗೆಯಲ್ಲಿ ಜಲಾಶಯಗಳು ಒಣಗಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಆ ದಿನಗಳಲ್ಲಿ ನಮ್ಮ ಬೀದಿಯ ಒಂದು ಹಳೆಯ ಮನೆಯ ಅಜ್ಜಿಯ ಬಾವಿಯಲ್ಲಿ ಮಾತ್ರ ನೀರಿತ್ತು. ವರ್ಷವೂ ತಮಿಳರ ಆಡಿ ತಿಂಗಳಿಗೆ ಮೊದಲು ಅವರು ಜರಡಿ ತೊಳೆಸುತ್ತಿದ್ದರು. ಇಡೀ ಬೀದಿ ಅವರ ಮನೆಯ ಮುಂದೆ ಕೊಡ ಹಿಡಿದು ನಿಂತಿತ್ತು, ನಾನೂ ನಿಂತಿದ್ದೆ.

ಚೆನ್ನೈಗೆ ಸಮುದ್ರವಿದೆ. ಮಿಂಜೂರು, ನೆಮ್ಮೇಲಿಯಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಘಟಕಗಳಿವೆ. ಬೆಂಗಳೂರಿಗೆ ಆ ದಾರಿಯೂ ಇಲ್ಲ. ಬಾವಿ ತೋಡಿಸಿ, ಆದರೆ ಅದನ್ನು ವರ್ಷವರ್ಷ ತೊಳೆಸುವವರು ಯಾರು ಎಂದು ಇವತ್ತೇ ಬರೆದಿಡಿ.


ನಾಲೆಯ ಬದಿ

ಮಂಡ್ಯ ಕಡೆಯವನು. ಬೆಂಗಳೂರಿನವರು ನೀರಿನ ಬಗ್ಗೆ ಮಾತಾಡುವಾಗ ನಮ್ಮನ್ನೂ ನೆನೆಯಬೇಕು. 2023ರಲ್ಲಿ ಕನ್ನಂಬಾಡಿ ತುಂಬಲಿಲ್ಲ. ತಮಿಳುನಾಡಿಗೆ ನೀರು ಬಿಟ್ಟದ್ದಕ್ಕೆ ಸೆಪ್ಟೆಂಬರಿನಲ್ಲಿ ಎರಡು ಬಂದ್ ಆದವು. ಮರುಬೇಸಿಗೆಗೆ ನಮ್ಮ ನಾಲೆಗೆ ನೀರು ಬರಲಿಲ್ಲ, ಕಬ್ಬು ನಿಂತಲ್ಲೇ ಒಣಗಿತು. ಅದೇ ವರ್ಷ ಬೆಂಗಳೂರಿಗೆ ಹೋಗುವ ದೊಡ್ಡ ಕೊಳವೆಯ ಪಕ್ಕದಲ್ಲೇ ನಾವು ಬೈಕ್ ಓಡಿಸಿಕೊಂಡು ಹೋಗುತ್ತಿದ್ದೆವು. ಕುಡಿಯುವ ನೀರಿಗೆ ನಮ್ಮ ಅಡ್ಡಿಯಿಲ್ಲ. ನಮ್ಮ ಮಕ್ಕಳೂ ಅಲ್ಲೇ ಕೆಲಸ ಮಾಡುತ್ತಾರೆ. ಆದರೆ ಕಾರು ತೊಳೆಯಲು, ಹುಲ್ಲುಹಾಸಿಗೆ ಹಾಕಲು ಆ ನೀರೇ ಬೇಕೇ?


ಹಳೇ ಪಂಪ್‌ಹೌಸ್

ನಾಲೆಯವರ ಮಾತು ಸತ್ಯ. ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್. ವರ್ಷಕ್ಕೆ ಅದೊಂದೇ ಸುಮಾರು ಹತ್ತು ಟಿ.ಎಂ.ಸಿ., ಅಂದರೆ ಸಾವಿರ ಕೋಟಿ ಘನ ಅಡಿಯಾಗುತ್ತದೆ. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟದ್ದು 14.75 ಟಿ.ಎಂ.ಸಿ., ಅದರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 4.75. ಅದಕ್ಕೂ ಮೊದಲು ಕಾವೇರಿ ನ್ಯಾಯಮಂಡಳಿ ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಲೆಕ್ಕ ಹಿಡಿದಿತ್ತು. ಕೋರ್ಟ್ ಇಡೀ ನಗರವನ್ನು ಕಣ್ಣಮುಂದಿಟ್ಟುಕೊಂಡಿತು. ಆ ನೀರು ಎಷ್ಟು ವರ್ಷಗಳ ವಾದದಿಂದ ಬಂದದ್ದು ಎಂದು ಗೊತ್ತಿದ್ದವರು ಅದನ್ನು ಶೌಚಾಲಯಕ್ಕೆ ಸುರಿಯಲು ಹಿಂಜರಿಯುತ್ತಾರೆ. ಆರನೇ ಹಂತಕ್ಕೆ ನದಿಯಲ್ಲಿ ಎಷ್ಟು ಉಳಿದಿದೆ ಎಂಬ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕು.


ಒಂದು ಕೋಣೆ ಬಾಡಿಗೆ

ಇಲ್ಲಿ ಎಲ್ಲರೂ ಅಪಾರ್ಟ್‌ಮೆಂಟಿನ ಬಗ್ಗೆ ಬರೆಯುತ್ತಿದ್ದೀರಿ. ನಾನು ಯಾದಗಿರಿಯಿಂದ ಬಂದವನು, ಹನ್ನೊಂದು ವರ್ಷವಾಯಿತು. ಮೊದಲು ಗಾರೆ ಕೆಲಸ, ಈಗ ವಿದ್ಯುತ್ ಕೆಲಸ. ನಾವು ಇರುವುದು ವಠಾರದಂಥ ಕಟ್ಟಡ, ಒಂಬತ್ತು ಕೋಣೆ, ಒಂಬತ್ತು ಸಂಸಾರ, ಒಂದೇ ನಲ್ಲಿ. ಮನೆ ಮಾಲೀಕರು ಬೆಳಿಗ್ಗೆ ಐದರಿಂದ ಆರರವರೆಗೆ ಮೋಟರ್ ಹಾಕುತ್ತಾರೆ. 2024ರ ಬೇಸಿಗೆಯಲ್ಲಿ ಅದೂ ಎರಡು ದಿನಕ್ಕೊಮ್ಮೆ ಆಯಿತು. ನನ್ನ ಹೆಂಡತಿ ಕೆಲಸಕ್ಕೆ ಹೋಗುವ ಮನೆಯಿಂದ ಎರಡು ಕ್ಯಾನ್ ನೀರು ಕೇಳಿ ತರುತ್ತಿದ್ದಳು. ಲಿಫ್ಟ್ ಬಳಸಬೇಡ ಎಂದು ಅಲ್ಲಿಯ ಕಾವಲುಗಾರ ಹೇಳಿದನಂತೆ. ನಾಲ್ಕು ಮಹಡಿ ಇಳಿದು ತಂದಳು.

ಇಷ್ಟಾದರೂ ನಾನು ಊರಿಗೆ ಹಿಂದಿರುಗುವುದಿಲ್ಲ. ಇಲ್ಲಿ ಮಗಳು ಶಾಲೆಗೆ ಹೋಗುತ್ತಾಳೆ, ಕೈಯಲ್ಲಿ ಕಸುಬಿದೆ, ಜಾತಿ ಕೇಳದೆ ಬಾಡಿಗೆ ಕೊಟ್ಟವರು ಸಿಕ್ಕಿದರು. ಈ ನಗರ ನನಗೆ ಕೊಟ್ಟದ್ದು ಸಣ್ಣದಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಕಾವೇರಿ ಸಂಪರ್ಕವನ್ನು ಮಾಲೀಕರೇ ತೆಗೆದುಕೊಳ್ಳಬೇಕು, ಹಣ ಅವರೇ ಕಟ್ಟಬೇಕು. ನಮ್ಮ ಮಾಲೀಕರು ಬೇಡ ಎಂದರು, ಬಾಡಿಗೆದಾರರಿಗೆ ಬೋರ್ ನೀರು ಸಾಕಂತೆ. ಬಾಡಿಗೆದಾರ ನೀರು ಕೇಳಲು ಯಾವ ಬಾಗಿಲು ತಟ್ಟಬೇಕು?


ಬಾಲ್ಕನಿ ತುಳಸಿ

ಅಣ್ಣ, ನಿಮ್ಮ ಬರಹ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಮನೆಗೆಲಸದವರು ನೀರು ಒಯ್ಯಬಾರದೆಂದು ಆ ಬೇಸಿಗೆಯಲ್ಲಿ ಸೂಚನೆ ಹಾಕಿದ್ದೆವು. ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಅದು ತಪ್ಪು. ಮುಂದಿನ ಸಭೆಯಲ್ಲಿ ಅದನ್ನು ತೆಗೆಸುತ್ತೇನೆ.


ಟ್ಯಾಂಕರ್ ಓಡಿಸುವವನು

ಟ್ಯಾಂಕರಿನವರೆಂದರೆ ಎಲ್ಲರಿಗೂ ಸಿಟ್ಟು. ನಾನು ಮಾಲೀಕನಲ್ಲ, ಚಾಲಕ. ಲೋಡಿಗೆ ಇಷ್ಟು ಎಂದು ನನಗೆ ಸಿಗುವುದು ಬೆಲೆ ಏರಿದಾಗಲೂ ಅಷ್ಟೇ ಇತ್ತು. ಒಂದು ವಿಷಯ ಮಾತ್ರ ಹೇಳುತ್ತೇನೆ. ಮೊದಲು ಏಳು ಕಿಲೋಮೀಟರ್ ದೂರದ ತೋಟದ ಬೋರಿನಿಂದ ತುಂಬಿಸಿಕೊಳ್ಳುತ್ತಿದ್ದೆವು. ಆ ಬೇಸಿಗೆಯಲ್ಲಿ ಇಪ್ಪತ್ತೆರಡು ಕಿಲೋಮೀಟರ್ ಹೋದೆವು. ತುಂಬಲು ಮೊದಲು ಇಪ್ಪತ್ತು ನಿಮಿಷ, ಆಗ ಒಂದೂಕಾಲು ಗಂಟೆ. ನಗರದ ಸುತ್ತಲಿನ ಹಳ್ಳಿಗಳ ನೀರನ್ನು ನಗರದೊಳಗೆ ಸುರಿದವರು ನಾವು. ಬೋರ್ ಮಾರಿದ ರೈತನ ಪಕ್ಕದ ಹೊಲದವನು ಒಮ್ಮೆ ಗಾಡಿಗೆ ಅಡ್ಡ ನಿಂತ. ಬಯ್ಯಲಿಲ್ಲ. "ನಮ್ಮ ಟೊಮೆಟೊ ನೋಡಿಕೊಂಡು ಹೋಗಿ" ಎಂದ. ನೋಡಿದೆ. ಗಿಡದಲ್ಲೇ ಸುಕ್ಕುಗಟ್ಟಿತ್ತು.


ನರಸಾಪುರದ ಕಡೆಯವನು

ಹಳೇ ಪಂಪ್‌ಹೌಸ್ ಸರ್ ಬಳಸಿದ ನೀರಿನ ಮಾತೆತ್ತಿದರು. ಅದಕ್ಕೆ ಕೋಲಾರದಿಂದ ನಾನು ಸಾಕ್ಷಿ ಹೇಳಬಲ್ಲೆ.

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಅಪ್ಪ ಕೊರೆಸಿದ ಮೊದಲ ಕೊಳವೆಬಾವಿ 250 ಅಡಿ, ನಾನು ಕೊನೆಗೆ ಕೊರೆಸಿದ್ದು 1,350 ಅಡಿ. ಅದರಲ್ಲೂ ಧೂಳು ಬಂತು. ಸಾಲ ಉಳಿಯಿತು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನವರೆಗೆ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ ಅದು. ಒಂದು ಕೆರೆ ತುಂಬಿ ಕೋಡಿ ಬಿದ್ದು ಇನ್ನೊಂದಕ್ಕೆ, ಹೀಗೆ ನೂರಕ್ಕೂ ಹೆಚ್ಚು ಕೆರೆಗಳಿಗೆ. ನಮ್ಮ ಕೆರೆಗೆ ನೀರು ತಲುಪಿದ ದಿನ ಹೆಂಗಸರು ಅರಿಶಿನ ಕುಂಕುಮ ತಂದಿದ್ದರು. ಆ ಕೆರೆಯಲ್ಲಿ ನೀರು ನೋಡಿ ನನ್ನ ಮಗನಿಗೆ ಆಶ್ಚರ್ಯ. ಅವನು ಅಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪನ ಹಳೆಯ ಕೊಳವೆಬಾವಿಯಲ್ಲೇ ನೀರು ಕಂಡಿತು. ಈಗ ಒಂದು ಎಕರೆ ಹಿಪ್ಪುನೇರಳೆ ಇಟ್ಟಿದ್ದೇನೆ.

ಆದರೆ ಸಂತೋಷವಿದೆ ಎಂದು ಭಯವನ್ನು ಮುಚ್ಚಿಡಲಾರೆ. ಆ ನೀರು ಎರಡು ಹಂತದಲ್ಲಿ ಮಾತ್ರ ಶುದ್ಧವಾಗುತ್ತದೆ. ಮೂರನೇ ಹಂತ ಬೇಕೆಂದು ನಮ್ಮ ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ಬಂದಿದೆ. ನಮ್ಮ ಊರಿನವರು ಕುಡಿಯುವುದೂ ಅಂತರ್ಜಲವನ್ನೇ. ನೀವು ಬಚ್ಚಲಿಗೆ ಸುರಿಯುವ ರಾಸಾಯನಿಕ, ಅವಧಿ ಮುಗಿದ ಔಷಧಿ, ಸಿಂಕಿಗೆ ಸುರಿಯುವ ಎಣ್ಣೆ ಎಲ್ಲವೂ ಈ ದಾರಿಯಲ್ಲೇ ಬರುತ್ತದೆ. ನಮಗೀಗ ಬೆಂಗಳೂರಿನ ಬಚ್ಚಲೇ ಮೇಲಿನ ಕೆರೆ. ಕೆಳಗಿನವರು ನಾವು ಇದ್ದೇವೆ ಎಂದು ಸಭೆಯಲ್ಲಿ ಹೇಳಿ, ತುಳಸಿ ಅಮ್ಮ.


ಗುದ್ದಲಿ ಕೆಲಸ

ನಾವು ಮಣ್ಣು ವಡ್ಡರು. ತಲೆಮಾರುಗಳಿಂದ ಬಾವಿ ತೋಡುವುದೇ ಕಸುಬು. ಕೊಳವೆಬಾವಿ ಯಂತ್ರ ಬಂದ ಮೇಲೆ ಅಪ್ಪ ಹದಿನೈದು ವರ್ಷ ಕಟ್ಟಡದ ಪಾಯ ಅಗೆದರು. ಈಗ ಇಂಗುಬಾವಿಗೆ ಜನ ಕರೆಯುತ್ತಿದ್ದಾರೆ, ಕಸುಬು ಮತ್ತೆ ಕೈಗೆ ಬಂದಿದೆ. ಕಬ್ಬನ್ ಉದ್ಯಾನದಲ್ಲಿ ಹಳೆಯ ಬಾವಿಗಳ ಹೂಳು ತೆಗೆದಾಗ ನೀರು ಉಕ್ಕಿದ್ದು ನೀವೂ ಪತ್ರಿಕೆಯಲ್ಲಿ ಓದಿರಬಹುದು.

ಮೇಡಂ, ಹಣ ತೆಗೆದುಕೊಳ್ಳುವವನು ನಾನೇ ಆದರೂ ಸತ್ಯ ಹೇಳುತ್ತೇನೆ. ಮೊದಲು ಮಣ್ಣು ನೋಡಬೇಕು. ಮೇಲೆ ಕೆಂಪು ಮಣ್ಣು, ಕೆಳಗೆ ಗರಸು ಮಣ್ಣು ಇದ್ದರೆ ನೀರು ಚೆನ್ನಾಗಿ ಇಂಗುತ್ತದೆ. ಕೆರೆಯ ಹಿಂದಿನ ಜೇಡಿ ಮಣ್ಣಾದರೆ ಇಂಗುವುದು ನಿಧಾನ. ಅಲ್ಲಿ ನಾಲ್ಕು ಬಾವಿ ತೋಡಿ ಹಣ ಕಳೆಯುವುದಕ್ಕಿಂತ ಎರಡನ್ನು ಒಳ್ಳೆಯ ಜಾಗದಲ್ಲಿ ತೋಡುವುದು ಮೇಲು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಸಿಮೆಂಟ್ ರಿಂಗ್ ಇಳಿಸುತ್ತೇವೆ. ತಳಕ್ಕೆ ಗಾರೆ ಹಾಕುವುದಿಲ್ಲ, ಅದೇ ನೀರಿನ ಬಾಗಿಲು. ತಾರಸಿಯ ನೀರು ಜರಡಿ ದಾಟಿಯೇ ಬಾವಿಗೆ ಇಳಿಯಬೇಕು. ಕಾರು ನಿಲ್ಲಿಸುವ ಜಾಗದ ನೀರನ್ನು ಬಿಡಲೇಬೇಡಿ, ಎಣ್ಣೆ ಇಳಿಯುತ್ತದೆ.

ಇನ್ನೊಂದು ಮಾತು. ನಿಮ್ಮ ಕಡೆ ಒಳಚರಂಡಿ ಪೂರ್ತಿ ಆಗಿಲ್ಲದ ಜಾಗಗಳಿವೆ. ತೆರೆದ ಬಾವಿಯಲ್ಲಿ ನೀರು ಸಿಕ್ಕಿದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ತೊಳೆಯಲು, ಗಿಡಕ್ಕೆ ಬಳಸಿ. ಬಾವಿಯೊಳಗೆ ನಿಂತು ನಮಗೆ ಮೂಗಿಗೇ ಗೊತ್ತಾಗುತ್ತದೆ, ಇದು ಮಳೆಯ ನೀರೋ ಮೋರಿಯ ನೀರೋ ಎಂದು.


ಧಾರವಾಡ ಪೇಡೆ ಓಣಿ

ಚರ್ಚೆಯೆಲ್ಲ ಬೆಂಗಳೂರಿನ ಸುತ್ತಲೇ ಸುತ್ತುತ್ತಿದೆ. ನಮ್ಮ ಅವಳಿನಗರದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನದ ಇಪ್ಪತ್ನಾಲ್ಕು ತಾಸು ನೀರು ಬಂತು, ಬೆಳಗಾವಿ, ಕಲಬುರಗಿಯ ಕೆಲವು ಭಾಗಗಳಿಗೂ. ಪಕ್ಕದ ವಾರ್ಡಿನಲ್ಲಿದ್ದ ನಾವು ಮಾತ್ರ ವರ್ಷಗಟ್ಟಲೆ ಆರೇಳು ದಿನಕ್ಕೊಮ್ಮೆ ಬರುವ ನೀರಿಗೆ ಸಿಂಟೆಕ್ಸ್ ತೊಟ್ಟಿ ತುಂಬಿಸಿಕೊಂಡೆವು. ಒಂದೇ ಊರು, ಒಂದೇ ಮಲಪ್ರಭೆ. ರಸ್ತೆಯ ಆಚೆ ಬದಿಯ ಸೋದರತ್ತೆಯ ಮನೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದೆವು. ರಾಜ್ಯದ ಬೇರೆ ನಗರಗಳೂ ಬೆಳೆಯಲಿ, ಬೆಂಗಳೂರಿನ ಹೊರೆ ಇಳಿಯಲಿ ಎಂದು ಎಲ್ಲರೂ ಹೇಳುತ್ತಾರೆ. ಬೆಳೆಯುವ ಊರಿಗೆ ಮೊದಲು ಕೊಳವೆ ಹಾಕಿ, ಆಮೇಲೆ ಬಡಾವಣೆಗೆ ಅನುಮತಿ ಕೊಡಿ ಎನ್ನುವುದು ನನ್ನ ಒಂದೇ ಬೇಡಿಕೆ.


ಕೆರೆ ಹಿಂದಿನ ಮನೆ

ಧಾರವಾಡದವರ ಮಾತಿಗೆ ನನ್ನದೂ ಸೇರಿಸುತ್ತೇನೆ. ಬೆಂಗಳೂರಿನ ನಡುಭಾಗದಲ್ಲಿ ಎಷ್ಟು ಕೆರೆ ಹೋಯಿತೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ಮೆಜೆಸ್ಟಿಕ್‌ನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ. ಅದರ ಪಕ್ಕ ಒಂದು ಸಣ್ಣ ಕಲ್ಯಾಣಿಯಷ್ಟು ನೀರು ಉಳಿದಿದೆ, ಕರಗದ ವಿಧಿಗಳಿಗೆ ಈಗಲೂ ಅಲ್ಲಿಗೆ ಬರುತ್ತಾರೆ. ನಾನು ಒಂದು ವರ್ಷ ಹೋಗಿ ನಿಂತಿದ್ದೆ. ಸುತ್ತ ಬೇಲಿ, ಆಚೆ ವಾಹನಗಳ ಸದ್ದು. ವೀರಕುಮಾರರು ಆ ಇಷ್ಟೇ ಇಷ್ಟು ನೀರಿಗೆ ಕೈಮುಗಿಯುತ್ತಿದ್ದರು.

ಜಕ್ಕೂರು ಕೆರೆಗೂ ಹೋಗಿ ಬನ್ನಿ. ಕೊಳಚೆ ನೀರು ಘಟಕದಲ್ಲಿ ಶುದ್ಧವಾಗಿ, ಜೊಂಡು ಬೆಳೆದ ಜೌಗು ದಾಟಿ ಕೆರೆಗಿಳಿಯುತ್ತದೆ. ಹರಿಗೋಲಿನಲ್ಲಿ ಮೀನು ಹಿಡಿಯುವವರಿದ್ದಾರೆ. ಆಗುವುದಿಲ್ಲ ಎನ್ನುವವರನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.


ಹಳೇ ಪಂಪ್‌ಹೌಸ್

ತುಳಸಿ ಅವರೇ, ಸಭೆಗೆ ಇನ್ನೊಂದು ಅಂಕಿ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಮೋರಿಗೆ ಹೋಗುತ್ತದೆ. ನಿಮ್ಮಲ್ಲಿ ಅದು ದಿನಕ್ಕೆ 22 ಸಾವಿರ ಲೀಟರ್. ನಿಮ್ಮ ನೆಲಮಾಳಿಗೆಯಲ್ಲಿ ಶುದ್ಧೀಕರಣ ಘಟಕ ಇದ್ದೇ ಇರುತ್ತದೆ. ಅದು ಸರಿಯಾಗಿ ಓಡಿ, ಶೌಚಾಲಯಕ್ಕೆ ಬೇರೆ ಕೊಳವೆ ಇದ್ದರೆ, ಒಟ್ಟು ಬೇಡಿಕೆಯ ಮೂರನೇ ಒಂದರಷ್ಟು ಅಲ್ಲೇ ಹುಟ್ಟುತ್ತದೆ. ತಾರಸಿಯ ಒಂಬತ್ತು ಪಾಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಬಾವಿಗೆ ಜಗಳವಾಡುವವರು ಘಟಕದ ಬಾಗಿಲನ್ನು ಒಮ್ಮೆಯಾದರೂ ತೆರೆದು ನೋಡಿದ್ದಾರೆಯೇ?

ಬಾಡಿಗೆಯ ಅಣ್ಣನ ಪ್ರಶ್ನೆಗೆ ನೇರ ಉತ್ತರ ನನ್ನಲ್ಲಿಲ್ಲ. ಮೊದಲಾದರೆ ವಾರ್ಡಿನ ಸದಸ್ಯರ ಮನೆಗೆ ಹೋಗಿ ಎನ್ನುತ್ತಿದ್ದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆ ಬಾಗಿಲೇ ಇಲ್ಲದಾಯಿತು. 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದರು. ಐದಾದರೂ ಆಗಲಿ ಐವತ್ತಾದರೂ ಆಗಲಿ, ನಲ್ಲಿ ಬತ್ತಿದ ಮನೆಯವನ ಮಾತು ಕೇಳಿ ಮರುದಿನ ವಾಲ್ವ್‌ಮನ್‌ಗೆ ಫೋನ್ ಮಾಡುವ ಒಬ್ಬ ಚುನಾಯಿತ ಪ್ರತಿನಿಧಿ ವಾರ್ಡಿನಲ್ಲಿರಬೇಕು. ಇದನ್ನು ನಾನು ಕಚೇರಿಯ ಮೇಜಿನ ಆ ಬದಿಯಲ್ಲಿ ಕುಳಿತು ಕಲಿತದ್ದು. ಸದಸ್ಯರು ಬಂದು ಮೇಜು ಬಡಿದ ದಿನ ಕೆಲಸ ಆಗುತ್ತಿತ್ತು.


ಬಾಲ್ಕನಿ ತುಳಸಿ

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡದೆ ಸುಮ್ಮನಿದ್ದುದಕ್ಕೆ ಕ್ಷಮಿಸಿ.

ಸಭೆಯಲ್ಲಿ ಮೊದಲು ನಾನು ನೆಲಮಾಳಿಗೆಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಘಟಕದ ಎರಡು ಮೋಟರುಗಳಲ್ಲಿ ಒಂದು ಕೆಟ್ಟು ಎಷ್ಟೋ ತಿಂಗಳಾಗಿತ್ತು. ನಾವು ನೋಡಿಕೊಳ್ಳಲು ಇಟ್ಟಿದ್ದ ಹುಡುಗ ಒಂದು ಬಕೆಟ್ ನೀರು ಎತ್ತಿ ತೋರಿಸಿದ. ಬೂದು ಬಣ್ಣ, ವಾಸನೆ. ಇದೇ ನೀರು ಕೆರೆಗೆ ಹೋಗುತ್ತಿದೆ ಎಂದು ಅರಿವಾದಾಗ ಯಾರೂ ಮಾತಾಡಲಿಲ್ಲ. ನರಸಾಪುರದ ಅಣ್ಣ ಬರೆದದ್ದನ್ನು ಅಲ್ಲೇ ನಿಂತು ಓದಿದೆ. ಮೇಲೆ ಬಂದ ಮೇಲೆ ಮತ ಹಾಕಿದೆವು. ಕಾವೇರಿ ಸಂಪರ್ಕಕ್ಕೆ 61 ಮನೆ ಒಪ್ಪಿತು. ಘಟಕದ ದುರಸ್ತಿಗೆ 58. ಬಾವಿಗೆ 37, ಗೆಲ್ಲಲು ಅಷ್ಟೇ ಸಾಕಾಯಿತು. ಮನೆಗೆಲಸದವರು ನೀರು ಒಯ್ಯಬಾರದೆಂಬ ಸೂಚನೆಯನ್ನು ಹರಿದು ಹಾಕಿದೆ, ಅದಕ್ಕೆ ಮತ ಕೇಳಲಿಲ್ಲ.

ನಾಲ್ಕು ಬಾವಿಯ ಆಸೆ ಬಿಟ್ಟು ಎರಡು ಇಂಗುಬಾವಿ ಮಾಡಿಸಿದೆವು. ಒಂದರಲ್ಲಿ ಹದಿನಾಲ್ಕು ಅಡಿಗೇ ಜೇಡಿ ಸಿಕ್ಕಿತು, ಅದು ನಿಧಾನವಾಗಿ ಕುಡಿಯುತ್ತದೆ. ಆಟದ ಮೈದಾನದ ಮೂಲೆಯದು ಹತ್ತೊಂಬತ್ತು ಅಡಿ. ತೋಡುವಾಗ ಮಕ್ಕಳೆಲ್ಲ ಸುತ್ತ ಕುಳಿತು, ಮೇಲೆ ಬರುವ ಒಂದೊಂದು ಬಾಂಡಲಿಯ ಮಣ್ಣಿನ ಬಣ್ಣ ಬದಲಾಗುವುದನ್ನು ನೋಡಿದರು. ಮೊದಲ ದೊಡ್ಡ ಮಳೆಯ ರಾತ್ರಿ ಕೊಡೆ ಹಿಡಿದು ಹೋದೆ. ತಾರಸಿಯ ಕೊಳವೆಯಿಂದ ನೀರು ಧುಮುಕುತ್ತಿತ್ತು, ಬಾವಿಯ ಅರ್ಧದವರೆಗೆ ಏರಿತ್ತು. ಬೆಳಿಗ್ಗೆ ನೋಡಿದರೆ ತಳ ಕಾಣುತ್ತಿತ್ತು, ಅಷ್ಟನ್ನೂ ನೆಲ ಕುಡಿದಿತ್ತು.

ಕಾವೇರಿ ವಾರಕ್ಕೆ ಮೂರು ದಿನ ಬರುತ್ತಿದೆ. ಟ್ಯಾಂಕರ್ ದಿನಕ್ಕೆ ಐದು ಲೋಡಿನಿಂದ ಒಂದಕ್ಕೆ ಇಳಿದಿದೆ. ಪೂರ್ತಿ ನಿಂತಿಲ್ಲ. ಶೌಚಾಲಯಕ್ಕೆ ಬೇರೆ ಕೊಳವೆ ಎರಡು ಸಾಲಿನ ಮನೆಗಳಿಗೆ ಮಾತ್ರ ಇದೆ ಎಂದು ಈಗ ಗೊತ್ತಾಯಿತು, ಉಳಿದವಕ್ಕೆ ಗೋಡೆ ಒಡೆಯಬೇಕು. ಅದು ಮುಂದಿನ ಸಭೆಯ ಜಗಳ.


ಗುದ್ದಲಿ ಕೆಲಸ

ಮೇಡಂ, ಜರಡಿಯನ್ನು ಪ್ರತಿ ಮಳೆಯ ಮರುದಿನ ತೊಳೆಸಿ. ಜೇಡಿ ಸಿಕ್ಕಿದ ಬಾವಿಯ ತಳದ ಹೂಳನ್ನು ಬೇಸಿಗೆ ಮುಗಿಯುವ ಮೊದಲು ತೆಗೆಸಬೇಕು. ನಾನೇ ಬರುತ್ತೇನೆ, ಮಗನನ್ನೂ ಕರೆತರುತ್ತೇನೆ. ಅವನು ಇನ್ನೂ ಬಾವಿಗೆ ಇಳಿದಿಲ್ಲ.


ಒಂದು ಕೋಣೆ ಬಾಡಿಗೆ

ತುಳಸಿ ಅಕ್ಕ, ಸೂಚನೆ ಹರಿದದ್ದಕ್ಕೆ ನನ್ನ ಹೆಂಡತಿ ನಮಸ್ಕಾರ ಹೇಳಿದ್ದಾಳೆ. ನಾವು ಒಂಬತ್ತು ಸಂಸಾರದವರೂ ಸೇರಿ ಮಾಲೀಕರ ಮನೆಗೆ ಹೋಗಿದ್ದೆವು. ಸಂಪರ್ಕದ ಹಣದಲ್ಲಿ ಅರ್ಧವನ್ನು ತಿಂಗಳಿಗಿಷ್ಟೆಂದು ನಾವೇ ಕೊಡುತ್ತೇವೆ ಎಂದೆವು. ಯೋಚಿಸುತ್ತೇನೆ ಎಂದಿದ್ದಾರೆ. ಯುಗಾದಿ ಕಳೆದ ಮೇಲೆ ಮತ್ತೆ ಹೋಗುತ್ತೇವೆ.